ಯಸುಜಿರೊ ಓಜು: ಮನೆಯ ಕತೆಯನ್ನೇ ಹೇಳಿದ ನಿರ್ದೇಶಕ

ಡಿಸೆಂಬರ್ 12 ಜಪಾನಿನ ಚಿತ್ರ ನಿರ್ದೇಶಕ ಯಸುಜಿರೊ ಓಜು ಅವರ ಜನ್ಮದಿನ. ಅವರ ಪುಣ್ಯತಿಥಿಯೂ ಅದೇ ದಿನ. 1903ರಲ್ಲಿ ಟೋಕಿಯೋ ನಗರದ ಫುಕಾಗಾವ ಎಂಬ ಬಡಾವಣೆಯಲ್ಲಿ ಹುಟ್ಟಿದ ಅವರು, 1963ರಲ್ಲಿ ಸರಿಯಾಗಿ ಅರವತ್ತು ತುಂಬಿದ ದಿನವೇ ಟೋಕಿಯೋದ ಆಸ್ಪತ್ರೆಯೊಂದರಲ್ಲಿ ತೀರಿಕೊಂಡರು. ನಮ್ಮಲ್ಲಿ ಷಷ್ಟ್ಯಬ್ದಿ ಇರುವಂತೆ ಜಪಾನಿನಲ್ಲೂ ಅರವತ್ತು ತುಂಬಿದವರಿಗೆ ಮನೆಯವರೆಲ್ಲ ಸೇರಿ ಸಂಭ್ರಮ ಮಾಡುವ ಪದ್ಧತಿಯಿದೆ. ಓಜು ಅವರಿಗೆ ಹೆಂಡತಿಯಿರಲಿಲ್ಲ, ಮಕ್ಕಳಿರಲಿಲ್ಲ. ಜೊತೆಗಿದ್ದ ತಾಯಿ ಹಿಂದಿನ ವರ್ಷವೇ ಹೋಗಿದ್ದರು.

ಜಪಾನೀ ಸಿನಿಮಾ ಎಂದರೆ ನಮ್ಮ ಸದಸ್ಯರಲ್ಲಿ ಹೆಚ್ಚಿನವರಿಗೆ ಮೊದಲು ನೆನಪಾಗುವುದು ಅಕಿರ ಕುರೊಸಾವ. ಕತ್ತಿ, ಕುದುರೆ, ಸುರಿವ ಮಳೆ, ಊರು ಕಾಯುವ ಏಳು ಮಂದಿ ಯೋಧರು. ಓಜು ಅವರ ಪ್ರಸಿದ್ಧ ಚಿತ್ರಗಳಲ್ಲಿ ಇದಾವುದೂ ಇಲ್ಲ. ಮದುವೆಗೆ ಬಂದ ಮಗಳು, ಒಬ್ಬಂಟಿ ತಂದೆ, ಪಟ್ಟಣ ಸೇರಿದ ಮಗ, ಅವನನ್ನು ನೋಡಲು ರೈಲು ಹತ್ತಿ ಬರುವ ಮುದಿ ತಂದೆತಾಯಿ, ಇಷ್ಟೇ. ಮೂವತ್ತೈದು ವರ್ಷಗಳಲ್ಲಿ ಐವತ್ತಕ್ಕೂ ಹೆಚ್ಚು ಚಿತ್ರ ಮಾಡಿದ ಅವರು ಮತ್ತೆ ಮತ್ತೆ ಮನೆಯೊಳಗೇ ಬಂದು ಕೂತರು. ಅದರಲ್ಲೂ ಮನೆಯಿಂದ ಒಬ್ಬರು ಹೊರಟುಹೋದ ಮೇಲೆ ಉಳಿಯುವ ಖಾಲಿ ಜಾಗವನ್ನು ಅವರಷ್ಟು ತಾಳ್ಮೆಯಿಂದ ನೋಡಿದವರು ಕಡಿಮೆ. ಸ್ವಂತ ಸಂಸಾರವನ್ನೇ ಕಟ್ಟದ ಮನುಷ್ಯನಿಗೆ ಇದು ಹೇಗೆ ಒಲಿಯಿತು ಎಂಬುದನ್ನು ಅವರ ಬದುಕಿನ ದಾರಿಯಲ್ಲೇ ಹುಡುಕೋಣ. ನಾವು ಮೆಚ್ಚಿದ ಅವರ ಕೆಲವು ಚಿತ್ರಗಳನ್ನೂ ಆಯಾ ಕಾಲದ ಜೊತೆಗೇ ಪರಿಚಯಿಸುತ್ತೇವೆ.

ತಂದೆಯಿಂದ ದೂರದ ಬಾಲ್ಯ

ಓಜು ಅವರ ತಂದೆ ಗೊಬ್ಬರದ ವ್ಯಾಪಾರಿ. ಮೂಲ ಮಿಯೆ ಪ್ರಾಂತದ ಮತ್ಸುಸಾಕ; ಅಲ್ಲಿನ ಹಳೆಯ ವರ್ತಕ ಮನೆತನದ ಒಂದು ಕವಲು. ಐವರು ಮಕ್ಕಳಲ್ಲಿ ಯಸುಜಿರೊ ಎರಡನೆಯವರು. 1913ರಲ್ಲಿ, ಹುಡುಗನಿಗೆ ಇನ್ನೂ ಹತ್ತು ತುಂಬುವ ಮೊದಲೇ, ತಾಯಿ ಮತ್ತು ಮಕ್ಕಳು ಮತ್ಸುಸಾಕಕ್ಕೆ ಹೋಗಿ ನೆಲೆಸಿದರು. ತಂದೆ ವ್ಯಾಪಾರಕ್ಕಾಗಿ ಟೋಕಿಯೋದಲ್ಲೇ ಉಳಿದರು. ಮುಂದಿನ ಸುಮಾರು ಹತ್ತು ವರ್ಷ ತಂದೆ ಎಂದರೆ ದೂರದಲ್ಲಿರುವವರು, ಎಂದೋ ಒಮ್ಮೆ ಬಂದು ಹೋಗುವವರು. ತಾಯಿ ಮಾತ್ರ ಸದಾ ಜೊತೆಗಿದ್ದರು. ಆ ಜೊತೆ ಆಕೆಯ ಕೊನೆಯವರೆಗೂ ಉಳಿಯಿತು.

ಓದಿನಲ್ಲಿ ಹುಡುಗನಿಗೆ ಮನಸ್ಸಿರಲಿಲ್ಲ. ಮಾಧ್ಯಮಿಕ ಶಾಲೆಯ ವಿದ್ಯಾರ್ಥಿನಿಲಯದಿಂದ ಹೊರಗೆ ಹಾಕಿದ ಮೇಲೆ ರೈಲಿನಲ್ಲಿ ಓಡಾಡುತ್ತಾ ಓದಬೇಕಾಯಿತು. ರೈಲಿನ ನೆಪದಲ್ಲಿ ಸಿನಿಮಾ ನೋಡುವ ಅಭ್ಯಾಸ ಬಲಿಯಿತು. ಮೆಚ್ಚಿದ್ದೆಲ್ಲ ಅಮೆರಿಕದ ಚಿತ್ರಗಳು. ಥಾಮಸ್ ಇನ್ಸ್ ಅವರ 'ಸಿವಿಲೈಸೇಷನ್' ನೋಡಿದ ಮೇಲೆ ತಾನೂ ನಿರ್ದೇಶಕನಾಗಬೇಕೆಂಬ ಆಸೆ ಮೊಳೆಯಿತು. ಕಾಲೇಜು ಪ್ರವೇಶ ಪರೀಕ್ಷೆಯಲ್ಲಿ ಫೇಲಾದರು. ಮರುವರ್ಷ ಶಿಕ್ಷಕರ ತರಬೇತಿಯ ಪರೀಕ್ಷೆಯಲ್ಲೂ ಅದೇ ಆಯಿತು. ಕೊನೆಗೆ ಬೆಟ್ಟದ ಹಳ್ಳಿಯೊಂದರ ಶಾಲೆಯಲ್ಲಿ ಒಂದು ವರ್ಷ ತಾತ್ಕಾಲಿಕ ಮೇಷ್ಟರಾಗಿ ಕೆಲಸ ಮಾಡಿದರು. ಮೇಷ್ಟರು ಅವರ ಚಿತ್ರಗಳಲ್ಲಿ ಅಷ್ಟು ಸಲ ಬರುವುದು, ಅದರಲ್ಲೂ ಬಡ ಮೇಷ್ಟರು, ನಿವೃತ್ತ ಮೇಷ್ಟರು, ಸೋತ ಮೇಷ್ಟರು ಬರುವುದು ಸುಮ್ಮನೆ ಅಲ್ಲ.

1923ರಲ್ಲಿ ಟೋಕಿಯೋಗೆ ಮರಳಿ, ಆಗಸ್ಟ್ ತಿಂಗಳಲ್ಲಿ ಶೋಚಿಕು ಸಂಸ್ಥೆಯ ಕಾಮಾತ ಸ್ಟುಡಿಯೋದಲ್ಲಿ ಸಹಾಯಕ ಛಾಯಾಗ್ರಾಹಕರಾಗಿ ಸೇರಿದರು. ಕ್ಯಾಮೆರಾ ಹೊರುವುದೇ ಮುಖ್ಯ ಕೆಲಸ. ಸೇರಿದ ಬೆನ್ನಿಗೇ, ಸೆಪ್ಟೆಂಬರ್ 1ರಂದು, ಟೋಕಿಯೋವನ್ನು ನೆಲಸಮ ಮಾಡಿದ ಮಹಾ ಭೂಕಂಪ. ನಡುವೆ ಒಂದು ವರ್ಷದ ಕಡ್ಡಾಯ ಸೈನಿಕ ಸೇವೆ. 1926ರಲ್ಲಿ ಸಹಾಯಕ ನಿರ್ದೇಶಕರಾದರು.

ನಿರ್ದೇಶಕರಾದ ಬಗೆ ತಮಾಷೆಯಾಗಿದೆ. ಸ್ಟುಡಿಯೋ ಕ್ಯಾಂಟೀನಿನಲ್ಲಿ ಹಸಿದು ಸರದಿಯಲ್ಲಿ ಕಾಯುತ್ತಿದ್ದಾಗ ಸಹೋದ್ಯೋಗಿಯೊಬ್ಬ ಸರದಿ ತಪ್ಪಿಸಿ ಮುಂದೆ ನುಗ್ಗಿದ. ಓಜು ಕೈ ಎತ್ತಿದರು. ದೂರು ಸ್ಟುಡಿಯೋ ಮುಖ್ಯಸ್ಥ ಶಿರೊ ಕಿದೊ ಅವರವರೆಗೆ ಹೋಯಿತು. ವಿಚಾರಣೆಗೆ ಕರೆಸಿಕೊಂಡ ಕೋಣೆಯಲ್ಲೇ ಓಜು ತಾವು ಬರೆದ ಕತೆಯೊಂದನ್ನು ಮುಂದಿಟ್ಟರು. 1927ರಲ್ಲಿ ಅವರಿಗೆ ಮೊದಲ ಚಿತ್ರ ಸಿಕ್ಕಿತು. ಅದು ಅವರ ಏಕೈಕ ಐತಿಹಾಸಿಕ ಕಾಲದ ಚಿತ್ರ. ಚಿತ್ರಕತೆ ಬರೆದವರು ಕೊಗೊ ನೋಡ. ಈ ಹೆಸರನ್ನು ನೆನಪಿಡಬೇಕು. ಮುಂದೆ ಮತ್ತೆ ಬರುತ್ತದೆ. ಚಿತ್ರ ಮುಗಿಯುವ ಮೊದಲೇ ಸೈನ್ಯದ ಮೀಸಲು ತರಬೇತಿಗೆ ಕರೆ ಬಂದು, ಉಳಿದ ಭಾಗವನ್ನು ಬೇರೊಬ್ಬರು ಮುಗಿಸಿದರು. ಆ ಚಿತ್ರ ಇಂದು ಉಳಿದಿಲ್ಲ. ಅವರ ಮೂಕಿ ಚಿತ್ರಗಳಲ್ಲಿ ಹಲವು ಹೀಗೆಯೇ ಕಳೆದುಹೋಗಿವೆ.

ಮಕ್ಕಳ ಕಣ್ಣಿನಲ್ಲಿ ತಂದೆ

ಉಳಿದ ಮೂಕಿ ಚಿತ್ರಗಳಲ್ಲಿ ನಾವು ಮೊದಲು ಹೆಸರಿಸುವುದು 1932ರ 'ಐ ವಾಸ್ ಬಾರ್ನ್, ಬಟ್'. ಟೋಕಿಯೋದ ಹೊರವಲಯಕ್ಕೆ ಬಂದು ನೆಲೆಸಿದ ಗುಮಾಸ್ತನ ಇಬ್ಬರು ಪುಟ್ಟ ಗಂಡುಮಕ್ಕಳ ಕತೆ ಇದು. ಬೀದಿಯ ಹುಡುಗರ ಗುಂಪಿನಲ್ಲಿ ಇವರೇ ರಾಜರು. ಅಪ್ಪನೂ ಅಷ್ಟೇ ದೊಡ್ಡವನು ಎಂಬುದು ಅವರ ನಂಬಿಕೆ. ಒಂದು ಸಂಜೆ ಅಪ್ಪನ ಮೇಲಧಿಕಾರಿಯ ಮನೆಯಲ್ಲಿ ತೋರಿಸಿದ ಚಿತ್ರದ ಸುರುಳಿಯಲ್ಲಿ ಅಪ್ಪ ಆ ಅಧಿಕಾರಿಯನ್ನು ನಗಿಸಲು ಮಂಗಾಟ ಮಾಡುವುದನ್ನು ಮಕ್ಕಳು ನೋಡುತ್ತಾರೆ. ಮನೆಗೆ ಬಂದು ಊಟ ಬಿಟ್ಟು ಮುಷ್ಕರ ಹೂಡುತ್ತಾರೆ. ನಗಿಸುತ್ತಲೇ ಹೋಗುವ ಚಿತ್ರ ಕೊನೆಗೆ ಗಂಟಲು ಕಟ್ಟಿಸುತ್ತದೆ. ಸಂಬಳಕ್ಕಾಗಿ ತಲೆ ಬಗ್ಗಿಸಿದ ಯಾವ ತಂದೆಗೂ ಈ ಚಿತ್ರ ಸುಲಭದ್ದಲ್ಲ.

ಜಪಾನಿನ ಪ್ರಮುಖ ಚಲನಚಿತ್ರ ಪತ್ರಿಕೆ 'ಕಿನೆಮ ಜುಂಪೊ' ವರ್ಷದ ಅತ್ಯುತ್ತಮ ಚಿತ್ರಗಳ ಪಟ್ಟಿಯಲ್ಲಿ ಇದನ್ನು ಮೊದಲ ಸ್ಥಾನದಲ್ಲಿಟ್ಟಿತು. 1933 ಮತ್ತು 1934ರಲ್ಲೂ ಮೊದಲ ಸ್ಥಾನ ಓಜು ಅವರ ಚಿತ್ರಗಳಿಗೇ ಸಿಕ್ಕಿತು. ಆದರೆ ಹೊಗಳಿಕೆಗೆ ತಕ್ಕಷ್ಟು ಗಲ್ಲಾಪೆಟ್ಟಿಗೆ ತುಂಬುತ್ತಿರಲಿಲ್ಲ. 1934ರಲ್ಲಿ ತಂದೆ ತೀರಿಕೊಂಡರು. ತಾಯಿಯ ಹೊಣೆ ಇವರ ಮೇಲೆ ಬಂತು.

ಶೋಚಿಕು ಸಂಸ್ಥೆ 1931ರಲ್ಲೇ ಮಾತಿನ ಚಿತ್ರ ತಂದಿದ್ದರೂ ಓಜು ಐದು ವರ್ಷ ಮೂಕಿಯಲ್ಲೇ ಉಳಿದರು. ಅವರ ಛಾಯಾಗ್ರಾಹಕ ಹಿದೆಒ ಮೊಹಾರ ತಮ್ಮದೇ ಧ್ವನಿಮುದ್ರಣ ವಿಧಾನವೊಂದನ್ನು ರೂಪಿಸುತ್ತಿದ್ದರು. ಅದು ಸಿದ್ಧವಾದ ಮೇಲೆ ಅದನ್ನೇ ಬಳಸುತ್ತೇನೆಂದು ಓಜು ಮಾತು ಕೊಟ್ಟಿದ್ದರು. ಕೊಟ್ಟ ಮಾತಿನಂತೆ 1936ರಲ್ಲಿ 'ದಿ ಓನ್ಲಿ ಸನ್' ಬಂತು. ರೇಷ್ಮೆ ನೂಲು ತೆಗೆಯುವ ಕಾರ್ಖಾನೆಯಲ್ಲಿ ದುಡಿದು ಒಬ್ಬನೇ ಮಗನನ್ನು ಓದಿಸಿದ ವಿಧವೆ ತಾಯಿ, ವರ್ಷಗಳ ನಂತರ ಟೋಕಿಯೋಗೆ ಬರುತ್ತಾಳೆ. ಮಗ ದೊಡ್ಡ ಮನುಷ್ಯನಾಗಿಲ್ಲ, ರಾತ್ರಿ ಶಾಲೆಯ ಬಡ ಮೇಷ್ಟರಾಗಿದ್ದಾನೆ. ಇಬ್ಬರೂ ಒಬ್ಬರ ನಿರಾಸೆಯನ್ನು ಇನ್ನೊಬ್ಬರಿಂದ ಮುಚ್ಚಿಡಲು ಪಡುವ ಪಾಡೇ ಕತೆ. ಮುಂದೆ ಹದಿನೇಳು ವರ್ಷಗಳ ನಂತರ ಬರುವ 'ಟೋಕಿಯೋ ಸ್ಟೋರಿ'ಯ ಬೀಜ ಇಲ್ಲಿದೆ.

ಯುದ್ಧ

ಇಲ್ಲಿಂದ ಮುಂದಿನ ಭಾಗವನ್ನು ಓಜು ಅಭಿಮಾನಿಗಳು ಬೇಗ ದಾಟಿಬಿಡುವುದುಂಟು. ನಾವು ದಾಟುವುದಿಲ್ಲ.

1937ರ ಸೆಪ್ಟೆಂಬರ್‌ನಲ್ಲಿ, 33ರ ವಯಸ್ಸಿನಲ್ಲಿ, ಓಜು ಅವರನ್ನು ಸೈನ್ಯಕ್ಕೆ ಕರೆಸಿಕೊಂಡು ಚೀನಾಕ್ಕೆ ಕಳಿಸಲಾಯಿತು. ಅವರು ಇದ್ದದ್ದು ರಾಸಾಯನಿಕ ಅಸ್ತ್ರಗಳನ್ನು ನಿರ್ವಹಿಸುವ ಪಡೆಯಲ್ಲಿ. ಶಾಂಘೈಯಲ್ಲಿ ಇಳಿದರು. 1938ರಲ್ಲಿ ಕೆಲವು ತಿಂಗಳು ನಾನ್‌ಜಿಂಗ್‌ನಲ್ಲಿದ್ದರು. ಆ ನಗರದಲ್ಲಿ ಜಪಾನೀ ಸೈನ್ಯ ಭೀಕರ ಹತ್ಯಾಕಾಂಡ ನಡೆಸಿ ಆಗಿನ್ನೂ ಹೆಚ್ಚು ಕಾಲವಾಗಿರಲಿಲ್ಲ. 1939ರಲ್ಲಿ ನಾನ್‌ಚಾಂಗ್ ಕಡೆಯ ಕಾಳಗಗಳಲ್ಲಿ ಭಾಗವಹಿಸಿದರು. ಜಪಾನೀ ಸೈನ್ಯ ವಿಷಾನಿಲ ಪ್ರಯೋಗಿಸಿದ ಕಾಳಗಗಳು ಅವು. ಸಾರ್ಜೆಂಟ್ ದರ್ಜೆಗೇರಿ, ಜುಲೈ ತಿಂಗಳಲ್ಲಿ ಊರಿಗೆ ಮರಳಿದರು. ಅವರ ಆಪ್ತ ಗೆಳೆಯ, ತರುಣ ನಿರ್ದೇಶಕ ಸದಾಒ ಯಾಮಾನಾಕ ಮರಳಲಿಲ್ಲ. 1938ರಲ್ಲಿ ಚೀನಾದಲ್ಲೇ ಕಾಯಿಲೆಯಿಂದ ಸತ್ತರು. ವಯಸ್ಸು 28.

ಚೀನಾದಲ್ಲಿದ್ದಾಗ ಓಜು ಅಲ್ಲಿನ ಬೌದ್ಧ ಭಿಕ್ಷುವೊಬ್ಬರಿಂದ ಒಂದು ಅಕ್ಷರ ಬರೆಸಿಕೊಂಡರು. ಜಪಾನೀ ಭಾಷೆಯಲ್ಲಿ ಅದರ ಉಚ್ಚಾರ 'ಮು'. ಇಲ್ಲ, ಏನೂ ಇಲ್ಲದಿರುವುದು, ಶೂನ್ಯ ಎಂಬ ಅರ್ಥಗಳು ಅದಕ್ಕಿವೆ.

ಮರಳಿ ಬಂದು ಬರೆದ ಮೊದಲ ಚಿತ್ರಕತೆಗೆ ಸೆನ್ಸಾರ್ ಅಡ್ಡ ಬಂತು. ಯುದ್ಧಕ್ಕೆ ಹೊರಡುವ ಗಂಡನಿಗೆ ಹೆಂಡತಿ ಅನ್ನದ ಮೇಲೆ ಬಿಸಿ ಚಹಾ ಸುರಿದ ಬಡ ಊಟ ಬಡಿಸುವುದು ಅದರಲ್ಲಿತ್ತು. ಅಂಥ ಶುಭ ಸಂದರ್ಭಕ್ಕೆ ಹಬ್ಬದ ಕೆಂಪು ಅನ್ನವೇ ಆಗಬೇಕೆಂದು ಅಧಿಕಾರಿಗಳು ಹಟ ಹಿಡಿದರು. ಓಜು ಬದಲಿಸಲು ಒಪ್ಪದೆ ಚಿತ್ರವನ್ನೇ ಕೈಬಿಟ್ಟರು. ಹನ್ನೆರಡು ವರ್ಷಗಳ ನಂತರ, 1952ರಲ್ಲಿ, ಅದೇ ಕತೆ ಬೇರೆ ರೂಪದಲ್ಲಿ ಚಿತ್ರವಾಯಿತು.

1942ರಲ್ಲಿ ಬಂದ 'ದೇರ್ ವಾಸ್ ಎ ಫಾದರ್' ನಮ್ಮ ಮೆಚ್ಚಿನ ಎರಡನೆಯ ಚಿತ್ರ. ಶಾಲಾ ಪ್ರವಾಸದಲ್ಲಿ ಹುಡುಗನೊಬ್ಬ ನೀರಿನಲ್ಲಿ ಮುಳುಗಿ ಸತ್ತದ್ದಕ್ಕೆ ಹೊಣೆ ಹೊತ್ತು ಮೇಷ್ಟರು ಕೆಲಸ ಬಿಡುತ್ತಾರೆ. ಮಗನನ್ನು ಓದಿಸಲು ಟೋಕಿಯೋಗೆ ದುಡಿಯಲು ಹೋಗುತ್ತಾರೆ. ಮಗ ವಿದ್ಯಾರ್ಥಿನಿಲಯದಲ್ಲಿ ಬೆಳೆಯುತ್ತಾನೆ. ಒಟ್ಟಿಗೆ ಇರುವ ದಿನ ಇಂದು ಬಂದೀತು, ನಾಳೆ ಬಂದೀತು ಎಂದು ಇಬ್ಬರೂ ಕಾಯುತ್ತಾರೆ. ಅದು ಬರುವುದೇ ಇಲ್ಲ. ನದಿಯಲ್ಲಿ ನಿಂತು ತಂದೆ ಮಗ ಒಂದೇ ಲಯದಲ್ಲಿ ಗಾಳ ಬೀಸುವ ನೋಟವನ್ನು ನೋಡಿದವರು ಮರೆಯುವುದಿಲ್ಲ. ತಂದೆ ಟೋಕಿಯೋದಲ್ಲಿ, ಮಗ ದೂರದಲ್ಲಿ: ಇದು ಓಜು ಅವರದೇ ಬಾಲ್ಯದ ಲೆಕ್ಕ.

ದಿಲ್ಲಿಯ ಹೆಸರಿನ ಚಿತ್ರ

1943ರಲ್ಲಿ ಸೈನ್ಯ ಅವರನ್ನು ಮತ್ತೆ ಕರೆಯಿತು, ಈ ಸಲ ಪ್ರಚಾರ ಚಿತ್ರ ತೆಗೆಯಲು. ಮೊದಲು ಯೋಚಿಸಿದ್ದು ಬರ್ಮಾ ಯುದ್ಧದ ಚಿತ್ರ. ಕೊನೆಗೆ ಹೋದದ್ದು ಸಿಂಗಾಪುರಕ್ಕೆ. ಭಾರತೀಯರಾದ ನಮಗೆ ಇಲ್ಲೊಂದು ಕುತೂಹಲದ ಸಂಗತಿಯಿದೆ. ಅದೇ ವರ್ಷ ಜುಲೈನಲ್ಲಿ ನೇತಾಜಿ ಸುಭಾಷ್ ಚಂದ್ರ ಬೋಸ್ ಸಿಂಗಾಪುರಕ್ಕೆ ಬಂದು ಆಜಾದ್ ಹಿಂದ್ ಫೌಜಿನ ನಾಯಕತ್ವ ವಹಿಸಿಕೊಂಡರು. ಓಜು ಅವರಿಗೆ ಒಪ್ಪಿಸಿದ ಕೆಲಸ ನೇತಾಜಿ ಕುರಿತ ಚಿತ್ರ. ಅದರ ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ 'ದಿಲ್ಲಿಯತ್ತ, ದಿಲ್ಲಿಯತ್ತ'.

ಚಿತ್ರ ಪೂರ್ತಿಯಾಗಲಿಲ್ಲ. ಓಜು ಅವರಿಗೆ ಅದರಲ್ಲಿ ಉತ್ಸಾಹವೂ ಇದ್ದಂತಿಲ್ಲ. ವಶಪಡಿಸಿಕೊಂಡಿದ್ದ ಹಾಲಿವುಡ್ ಚಿತ್ರಗಳನ್ನು ಒಂದೊಂದಾಗಿ ನೋಡುತ್ತಾ, ಓದುತ್ತಾ, ಟೆನಿಸ್ ಆಡುತ್ತಾ ದಿನ ಕಳೆದರು. ಆರ್ಸನ್ ವೆಲ್ಸ್ ಅವರ 'ಸಿಟಿಜನ್ ಕೇನ್' ಅವರನ್ನು ಬೆರಗುಗೊಳಿಸಿತು. 1945ರ ಆಗಸ್ಟ್‌ನಲ್ಲಿ ಜಪಾನ್ ಸೋತಾಗ ಚಿತ್ರಕತೆಯನ್ನೂ ತೆಗೆದಿದ್ದ ಫಿಲ್ಮನ್ನೂ ನಾಶ ಮಾಡಿದರು. ನೇತಾಜಿಯವರನ್ನು ಓಜು ಹೇಗೆ ತೋರಿಸುತ್ತಿದ್ದರೋ ನಾವು ಎಂದೂ ನೋಡಲಾರೆವು.

ಸೋತ ಮೇಲೆ ಅವರೂ ಅವರ ತಂಡದವರೂ ಶಿಬಿರದಲ್ಲಿ ಬಂಧಿಗಳಾದರು. ರಬ್ಬರ್ ತೋಟದಲ್ಲಿ ಕೂಲಿ ಮಾಡಿದರು. ಊರಿಗೆ ಹೋಗುವ ಮೊದಲ ಹಡಗಿನಲ್ಲಿ ತಂಡದ ಎಲ್ಲರಿಗೂ ಜಾಗವಿರಲಿಲ್ಲ, ಚೀಟಿ ಎತ್ತಿದರು. ಓಜು ಅವರ ಹೆಸರು ಬಂತು. ಮನೆ ಸೇರುವ ಆತುರದಲ್ಲಿದ್ದ ಇನ್ನೊಬ್ಬರಿಗೆ ಆ ಜಾಗ ಬಿಟ್ಟುಕೊಟ್ಟು ತಾವು ಹಿಂದೆ ಉಳಿದರು. ಜಪಾನಿನ ನೆಲ ಮುಟ್ಟಿದ್ದು 1946ರ ಫೆಬ್ರವರಿಯಲ್ಲಿ.

ಬಾರದವರ ಜಾಗ

ಯುದ್ಧದಿಂದ ಮರಳಿದ ಮೇಲೆ ಅವರು ಆ ಕಾಲದ ಗಾಯವನ್ನು ನೇರವಾಗಿ ತೋರಿಸಿದ್ದು ಒಂದೇ ಸಲ, 1948ರ 'ಎ ಹೆನ್ ಇನ್ ದಿ ವಿಂಡ್' ಚಿತ್ರದಲ್ಲಿ. ಗಂಡ ಯುದ್ಧದಿಂದ ಇನ್ನೂ ಬಂದಿಲ್ಲ, ಮಗುವಿಗೆ ಕಾಯಿಲೆ, ಆಸ್ಪತ್ರೆಯ ಹಣಕ್ಕಾಗಿ ಹೆಂಡತಿ ಒಂದು ರಾತ್ರಿ ಮೈ ಮಾರಿಕೊಳ್ಳುತ್ತಾಳೆ. ಗಂಡ ಬಂದು ವಿಷಯ ತಿಳಿದಾಗ ನಡೆಯುವ ಹಿಂಸೆ ಓಜು ಅವರ ಬೇರಾವ ಚಿತ್ರದಲ್ಲೂ ಇಲ್ಲ. ಚಿತ್ರ ಸೋತಿತೆಂದು ಓಜು ಅವರೇ ಭಾವಿಸಿದರು. ಹಳೆಯ ಗೆಳೆಯ ಕೊಗೊ ನೋಡ ಅವರಿಗೂ ಅದು ಹಿಡಿಸಲಿಲ್ಲ. ಕಾಲದ ಮೇಲ್ಮೈಯನ್ನಷ್ಟೇ ಹಿಡಿದಿದೆ ಎಂಬುದು ಅವರ ಅಭಿಪ್ರಾಯ. ಆ ಟೀಕೆಯ ನಂತರ ಇಬ್ಬರೂ ಒಟ್ಟಿಗೆ ಕೂತು ಬರೆಯತೊಡಗಿದರು. ಮುಂದಿನ ಎಲ್ಲ ಚಿತ್ರಗಳೂ ಈ ಜೋಡಿಯವು. ಮೊದಲು ಚಿಗಾಸಾಕಿಯ ಕಡಲ ತೀರದ ವಸತಿಗೃಹದಲ್ಲಿ, ಆಮೇಲೆ ತತೆಶಿನ ಬೆಟ್ಟದ ಮನೆಯಲ್ಲಿ ತಿಂಗಳುಗಟ್ಟಲೆ ಇದ್ದು, ತಡರಾತ್ರಿಯವರೆಗೆ ಕುಡಿದು ಹರಟಿ, ಒಂದೊಂದು ಮಾತನ್ನೂ ತೂಗಿ ಬರೆಯುತ್ತಿದ್ದರು. ಖಾಲಿಯಾದ ಸಾಕೆ ಮದ್ಯದ ಸೀಸೆಗಳನ್ನು ಎಣಿಸಿ ಕೆಲಸ ಎಲ್ಲಿಗೆ ಬಂತೆಂದು ಲೆಕ್ಕ ಹಾಕುವುದು ಅವರೊಳಗಿನ ತಮಾಷೆ.

ಅವರ ಮೊದಲ ಫಲ 1949ರ 'ಲೇಟ್ ಸ್ಪ್ರಿಂಗ್'. ಕಾಮಾಕುರದ ವಿಧುರ ಪ್ರೊಫೆಸರ್, ಅವರನ್ನು ನೋಡಿಕೊಳ್ಳುವ ಮಗಳು ನೊರಿಕೊ. ತಂದೆಯನ್ನು ಬಿಟ್ಟು ಮದುವೆಯಾಗಲು ಆಕೆಗೆ ಇಷ್ಟವಿಲ್ಲ. ತಾನು ಮರುಮದುವೆಯಾಗುತ್ತೇನೆ ಎಂದು ತಂದೆ ಸುಳ್ಳು ಹೇಳಿ ಆಕೆಯನ್ನು ಒಪ್ಪಿಸುತ್ತಾರೆ. ಮದುವೆಯ ರಾತ್ರಿ ಒಬ್ಬರೇ ಮನೆಗೆ ಬಂದು ಕುರ್ಚಿಯಲ್ಲಿ ಕೂತು ಸೇಬಿನ ಸಿಪ್ಪೆ ತೆಗೆಯುತ್ತಾರೆ. ತಂದೆಯ ಪಾತ್ರ ಮಾಡಿದ ಚಿಶು ರ್ಯೂ ಅವರಿಗೆ ಆ ಗಳಿಗೆಯಲ್ಲಿ ಬಿಕ್ಕಿ ಅಳಲು ಓಜು ಹೇಳಿದ್ದರಂತೆ. ತನ್ನಿಂದಾಗದು ಎಂದರು ರ್ಯೂ. ಓಜು ಒತ್ತಾಯಿಸಲಿಲ್ಲ. ಸಿಪ್ಪೆ ಕೆಳಗೆ ಬೀಳುತ್ತದೆ, ತಲೆ ಬಾಗುತ್ತದೆ, ಅಷ್ಟೆ. ಮಗಳನ್ನು ಕಳಿಸಿಕೊಟ್ಟ ಮನೆಯ ರಾತ್ರಿ ಹೇಗಿರುತ್ತದೆಂದು ಬಲ್ಲವರಿಗೆ ಇನ್ನೇನೂ ಬೇಕಿಲ್ಲ.

ಮಗಳಾಗಿ ನಟಿಸಿದವರು ಸೆತ್ಸುಕೊ ಹಾರ. ಓಜು ಅವರ ಆರು ಚಿತ್ರಗಳಲ್ಲಿ ಅವರಿದ್ದಾರೆ. ರ್ಯೂ ಅಂತೂ ಹೆಚ್ಚುಕಡಿಮೆ ಎಲ್ಲ ಚಿತ್ರಗಳಲ್ಲೂ ಚಿಕ್ಕದೋ ದೊಡ್ಡದೋ ಪಾತ್ರದಲ್ಲಿ ಕಾಣಿಸುತ್ತಾರೆ.

1951ರ 'ಅರ್ಲಿ ಸಮ್ಮರ್' ಚಿತ್ರದಲ್ಲಿ ಮೂರು ತಲೆಮಾರು ಒಂದೇ ಸೂರಿನಡಿ ಇದೆ. ಮಗಳ ಮದುವೆಯ ಮಾತು ನಡೆದಿದೆ. ಆದರೆ ಈ ಮನೆಯಲ್ಲಿ ಒಬ್ಬ ಇಲ್ಲ. ಎರಡನೆಯ ಮಗ ಶೋಜಿ ಯುದ್ಧಕ್ಕೆ ಹೋದವನು ಬಂದಿಲ್ಲ. ತಂದೆ ಆಸೆ ಬಿಟ್ಟಿದ್ದಾರೆ. ತಾಯಿ ಮಾತ್ರ ರೇಡಿಯೋದಲ್ಲಿ ಕಾಣೆಯಾದವರ ಸುದ್ದಿ ಕೇಳುತ್ತಲೇ ಇದ್ದಾಳೆ. ಶೋಜಿ ರಣರಂಗದಿಂದ ಗೆಳೆಯನಿಗೆ ಬರೆದ ಕಾಗದದೊಳಗೆ ಒಂದು ಗೋಧಿ ತೆನೆಯಿತ್ತು ಎಂಬ ಮಾತು ನಡುವೆ ಬಂದು ಹೋಗುತ್ತದೆ. ಮಗಳು ಮನೆಯವರನ್ನೆಲ್ಲ ಬೆರಗಾಗಿಸಿ ಆ ಗೆಳೆಯನನ್ನೇ ಮದುವೆಯಾಗಲು ಒಪ್ಪುತ್ತಾಳೆ. ಚಿತ್ರ ಮುಗಿಯುವುದು ಗಾಳಿಗೆ ತೂಗುವ ತೆನೆಯ ಹೊಲದಲ್ಲಿ.

ಎರಡು ವರ್ಷಗಳ ನಂತರ 'ಟೋಕಿಯೋ ಸ್ಟೋರಿ'ಯಲ್ಲೂ ಯುದ್ಧಕ್ಕೆ ಹೋಗಿ ಬಾರದ ಮಗನಿದ್ದಾನೆ. ಅವನ ಹೆಸರೂ ಶೋಜಿ.

ಟೋಕಿಯೋ ಸ್ಟೋರಿ

ಓಜು ಅವರ ಒಂದೇ ಚಿತ್ರ ನೋಡುವುದಾದರೆ ಯಾವುದು ಎಂದು ಕೇಳಿದರೆ ನಮ್ಮ ಉತ್ತರ 1953ರ ಈ ಚಿತ್ರ. ಒನೊಮಿಚಿ ಎಂಬ ಬಂದರು ಊರಿನ ವೃದ್ಧ ದಂಪತಿ ಟೋಕಿಯೋದ ಮಕ್ಕಳನ್ನು ನೋಡಲು ದೂರದ ರೈಲು ಪ್ರಯಾಣ ಮಾಡಿ ಬರುತ್ತಾರೆ. ಹಿರಿಮಗ ಡಾಕ್ಟರ್, ಮಗಳು ಬ್ಯೂಟಿ ಪಾರ್ಲರ್ ನಡೆಸುವವಳು. ಇಬ್ಬರೂ ಕೆಟ್ಟವರಲ್ಲ. ಬಿಡುವಿಲ್ಲ. ಭಾನುವಾರ ಸುತ್ತಾಡಲು ಹೊರಟಾಗ ರೋಗಿಯ ಕರೆ ಬರುತ್ತದೆ. ಖರ್ಚು ಹಂಚಿಕೊಂಡು ಮುದುಕರನ್ನು ಅತಾಮಿಯ ಬಿಸಿನೀರಿನ ಬುಗ್ಗೆಗಳ ಊರಿಗೆ ಕಳಿಸುತ್ತಾರೆ. ಅಲ್ಲಿನ ವಸತಿಗೃಹದ ಗಲಾಟೆಯಲ್ಲಿ ಇವರಿಗೆ ನಿದ್ದೆಯಿಲ್ಲ. ಅವರಿಗಾಗಿ ಕೆಲಸಕ್ಕೆ ರಜೆ ಹಾಕಿ, ಪಕ್ಕದ ಮನೆಯಿಂದ ಸಾಕೆ ಕಡ ತಂದು ಉಪಚರಿಸುವವಳು ಸತ್ತ ಮಗ ಶೋಜಿಯ ಹೆಂಡತಿ ನೊರಿಕೊ. ಒಂದೇ ಕೋಣೆಯ ಮನೆ ಅವಳದು.

ಊರಿಗೆ ಮರಳಿದ ಮೇಲೆ ತಾಯಿ ಕಾಯಿಲೆ ಬಿದ್ದು ಸಾಯುತ್ತಾಳೆ. ಮಕ್ಕಳು ಬರುತ್ತಾರೆ, ಅಳುತ್ತಾರೆ, ತಾಯಿಯ ಬಟ್ಟೆ ಕೇಳಿ ಪಡೆಯುತ್ತಾರೆ, ಅಂದಿನ ರೈಲಿಗೇ ಹೊರಡುತ್ತಾರೆ. ನೊರಿಕೊ ಕೆಲವು ದಿನ ಉಳಿಯುತ್ತಾಳೆ. ಮಾವ ಅವಳಿಗೆ ಹೆಂಡತಿಯ ಗಡಿಯಾರ ಕೊಟ್ಟು, ಮಗನನ್ನು ಮರೆತು ಬೇರೆ ಮದುವೆಯಾಗೆಂದು ಕಳಿಸಿಕೊಡುತ್ತಾರೆ. ಕೊನೆಗೆ ಮನೆಯಲ್ಲಿ ಬೀಸಣಿಗೆ ಹಿಡಿದು ಒಬ್ಬರೇ ಕೂತಿರುತ್ತಾರೆ.

ಕತೆಗೆ ಪ್ರೇರಣೆಯಾದದ್ದು 1937ರ 'ಮೇಕ್ ವೇ ಫಾರ್ ಟುಮಾರೊ' ಎಂಬ ಅಮೆರಿಕದ ಚಿತ್ರ. ಅದನ್ನು ನೋಡಿದ್ದವರು ನೋಡ. ಅಲ್ಲಿಂದ ತಂದ ಎಳೆ ಇಲ್ಲಿ ಸಂಪೂರ್ಣ ಜಪಾನಿನದಾಗಿದೆ. ಎಪ್ಪತ್ತರ ಮುದುಕನಾಗಿ ನಟಿಸಿದ ರ್ಯೂ ಅವರಿಗೆ ಆಗ ಐವತ್ತೂ ತುಂಬಿರಲಿಲ್ಲ. ಯಾರನ್ನೂ ದೂರದಿರುವುದು ಈ ಚಿತ್ರದ ದೊಡ್ಡ ಗುಣ. ಮಕ್ಕಳು ಬೆಳೆದರೆ ಅವರವರ ಬದುಕು ಅವರವರಿಗೆ. ಅದು ದುಃಖದ ಸಂಗತಿ, ಆದರೂ ಅದು ಹಾಗೆಯೇ ಎಂದು ತೋರಿಸಿ ಸುಮ್ಮನಾಗುತ್ತದೆ. ಮಕ್ಕಳನ್ನು ದೂರದ ನಗರಗಳಿಗೆ ಕಳಿಸಿ ಕೂತ ಮನೆಗಳು ನಮ್ಮ ಊರುಗಳಲ್ಲೂ ಸಾಕಷ್ಟಿವೆ. ಈ ಚಿತ್ರವನ್ನು ಅವರಿಗೆ ವಿವರಿಸಬೇಕಾಗಿಲ್ಲ.

ನೆಲದ ಮೇಲೆ ಕೂತ ಕ್ಯಾಮೆರಾ

ಓಜು ಚಿತ್ರವನ್ನು ಮೊದಲ ಸಲ ನೋಡುವವರಿಗೆ ಏನೋ ಬೇರೆಯಾಗಿದೆ ಅನಿಸುತ್ತದೆ. ಕಾರಣ ಸರಳ. ಜಪಾನೀ ಮನೆಯಲ್ಲಿ ಜನ ತತಾಮಿ ಚಾಪೆಯ ಮೇಲೆ, ನೆಲದಲ್ಲೇ ಕೂರುತ್ತಾರೆ. ಓಜು ಅವರ ಕ್ಯಾಮೆರಾ ಅದಕ್ಕಿಂತಲೂ ತಗ್ಗಿನಲ್ಲಿರುತ್ತದೆ. ಅವರ ಛಾಯಾಗ್ರಾಹಕ ಯುಹಾರು ಅತ್ಸುತ ನೆಲಕ್ಕೆ ಒರಗಿಯೇ ಕೆಲಸ ಮಾಡಬೇಕಿತ್ತು. ಬಳಸುತ್ತಿದ್ದದ್ದು ಸಾಮಾನ್ಯವಾಗಿ 50 ಮಿಲಿಮೀಟರ್ ಮಸೂರ ಒಂದೇ. ಇಬ್ಬರು ಮಾತಾಡುವಾಗ ಒಬ್ಬೊಬ್ಬರೂ ಹೆಚ್ಚುಕಡಿಮೆ ನೇರವಾಗಿ ನಮ್ಮನ್ನೇ ನೋಡಿ ಮಾತಾಡುತ್ತಾರೆ. ಕೊನೆಯ ಆರು ಬಣ್ಣದ ಚಿತ್ರಗಳಲ್ಲಿ ಕ್ಯಾಮೆರಾ ಒಮ್ಮೆಯೂ ಅಲುಗುವುದಿಲ್ಲ.

ಒಂದು ಘಟನೆಗೂ ಇನ್ನೊಂದಕ್ಕೂ ನಡುವೆ ಕೆಟಲ್, ಒಣಹಾಕಿದ ಬಟ್ಟೆ, ಕಾರ್ಖಾನೆ ಚಿಮಣಿ, ಖಾಲಿ ಓಣಿ, ದಾಟಿಹೋಗುವ ರೈಲು. ಕತೆಯಲ್ಲಿ ಇವುಗಳಿಗೆ ಕೆಲಸವಿಲ್ಲ. ಆದರೆ ಅಷ್ಟು ಹೊತ್ತು ನಾವು ಆ ಮನೆಯಲ್ಲಿ ಸುಮ್ಮನೆ ಕೂತಿರುತ್ತೇವೆ. ಮೇಜಿನ ಮೇಲಿನ ಲೋಟವನ್ನು ಅಂಗುಲದ ಲೆಕ್ಕದಲ್ಲಿ ಸರಿಸುತ್ತಾ, ನಟರಿಂದ ಒಂದೇ ಮಾತನ್ನು ಹತ್ತಾರು ಸಲ ಹೇಳಿಸುತ್ತಾ ಓಜು ಚಿತ್ರೀಕರಣ ಮಾಡುತ್ತಿದ್ದರು. ಕಣ್ಣೀರು ಹಾಕಿಸುವ ಮುಖ್ಯ ಘಟನೆಯನ್ನೇ ಅವರು ಬಿಟ್ಟುಬಿಡುವುದುಂಟು. 'ಲೇಟ್ ಸ್ಪ್ರಿಂಗ್'ನಲ್ಲಿ ಮದುವೆಯನ್ನು ನಾವು ನೋಡುವುದಿಲ್ಲ. ಮದುಮಗನ ಮುಖವನ್ನೂ ನೋಡುವುದಿಲ್ಲ. ಮಗಳು ಹೊರಟ ಮೇಲೆ ಖಾಲಿ ಕೋಣೆಯ ಕನ್ನಡಿ ಮಾತ್ರ ಕಾಣುತ್ತದೆ.

ಯುದ್ಧವನ್ನೂ ಅವರು ಹೀಗೆಯೇ ಬಿಟ್ಟರು. ರಣರಂಗ ಕಾಣುವುದಿಲ್ಲ, ಬಾರದ ಮಗನ ಜಾಗ ಕಾಣುತ್ತದೆ. ಇದು ಅವರ ಶಕ್ತಿ. ಇದೇ ಅವರ ಮಿತಿಯೂ ಹೌದೆಂದು ನಾವು ತಿಳಿಯುತ್ತೇವೆ. ಚೀನಾದ ಮನೆಗಳಲ್ಲೂ ಅಂಥ ಜಾಗಗಳು ಉಳಿದವು, ಅವನ್ನು ಉಂಟುಮಾಡಿದ ಸೈನ್ಯದಲ್ಲಿ ಅವರೂ ಇದ್ದರು. ಆ ಮನೆಗಳ ಕಡೆಗೆ ಅವರ ಕ್ಯಾಮೆರಾ ತಿರುಗಲಿಲ್ಲ. ಅವರನ್ನು ಮೆಚ್ಚುವವರು ಇದನ್ನೂ ತಿಳಿದೇ ಮೆಚ್ಚಬೇಕು.

ಕೊನೆಯ ವರ್ಷಗಳು

1952ರಿಂದ ಓಜು ತಾಯಿಯೊಂದಿಗೆ ಉತ್ತರ ಕಾಮಾಕುರದ ಮನೆಯಲ್ಲಿದ್ದರು. ಮಾತಿನ ಚಿತ್ರಕ್ಕೆ ತಡವಾಗಿ ಬಂದಂತೆ ಬಣ್ಣಕ್ಕೂ ತಡವಾಗಿ, 1958ರ 'ಇಕ್ವಿನಾಕ್ಸ್ ಫ್ಲವರ್' ಮೂಲಕ ಬಂದರು. ಕೆಂಪು ಬಣ್ಣ ಚೆನ್ನಾಗಿ ಮೂಡುತ್ತದೆಂದು ಜರ್ಮನಿಯ ಆಗ್ಫಾ ಫಿಲ್ಮನ್ನೇ ಆರಿಸಿಕೊಂಡರು. ಆ ಚಿತ್ರದ ಮೂಲೆಯಲ್ಲಿ ಕೂತ ಕೆಂಪು ಕೆಟಲ್ ಈಗ ಸಿನಿಮಾಸಕ್ತರೆಲ್ಲ ಬಲ್ಲ ವಸ್ತು. 1959ರ 'ಗುಡ್ ಮಾರ್ನಿಂಗ್' ಮಕ್ಕಳ ತುಂಟಾಟದ ಚಿತ್ರ. ಟಿವಿ ಕೊಡಿಸಿಲ್ಲವೆಂದು ಇಬ್ಬರು ಅಣ್ಣತಮ್ಮಂದಿರು ಮಾತೇ ಬಿಟ್ಟು ಕೂರುತ್ತಾರೆ. ನಮಸ್ಕಾರ, ಚೆನ್ನಾಗಿದ್ದೀರಾ ಎಂಬ ದೊಡ್ಡವರ ಬರೀ ಮಾತುಗಳಿಲ್ಲದಿದ್ದರೆ ಬೀದಿಯ ಬದುಕು ಹೇಗೆ ಕೆಡುತ್ತದೆಂದು ನಗಿಸುತ್ತಲೇ ತೋರಿಸುತ್ತದೆ.

1962ರ ಫೆಬ್ರವರಿಯಲ್ಲಿ ತಾಯಿ ತೀರಿಕೊಂಡರು. ಆ ವರ್ಷದ ಚಿತ್ರ 'ಆನ್ ಆಟಮ್ ಆಫ್ಟರ್‌ನೂನ್', ಓಜು ಅವರ ಕೊನೆಯ ಚಿತ್ರ. ವಿಧುರ ತಂದೆ ಮಗಳ ಮದುವೆ ಮಾಡಿ ಒಂಟಿಯಾಗುವ ಅದೇ ಕತೆ, ಅದೇ ರ್ಯೂ. ಈ ತಂದೆ ಯುದ್ಧಕಾಲದಲ್ಲಿ ಹಡಗಿನ ಕ್ಯಾಪ್ಟನ್ ಆಗಿದ್ದವರು. ಬಾರ್ ಒಂದರಲ್ಲಿ ಹಳೆಯ ನಾವಿಕನೊಬ್ಬ ಸಿಕ್ಕಿ, ಜಪಾನ್ ಗೆದ್ದಿದ್ದರೆ ಹೇಗಿರುತ್ತಿತ್ತೆಂದು ಕನಸು ಬಿಚ್ಚುತ್ತಾನೆ. ಸೋತದ್ದೇ ಒಳ್ಳೆಯದಾಯಿತೇನೋ ಎಂದು ಈತ ಮೆಲ್ಲಗೆ ಹೇಳುತ್ತಾರೆ. ಚೀನಾದಿಂದ ಮರಳಿದ ಸಾರ್ಜೆಂಟ್ ಇಪ್ಪತ್ತಮೂರು ವರ್ಷಗಳ ನಂತರ ತೆರೆಯ ಮೇಲೆ ಹೇಳಿಸಿದ ಮಾತು ಇದು. ಕೊನೆಯಲ್ಲಿ ಮಹಡಿಯ ಮೆಟ್ಟಿಲು, ಮಗಳ ಖಾಲಿ ಕೋಣೆ, ಅಡುಗೆಮನೆಯಲ್ಲಿ ಒಬ್ಬರೇ ಕೂತ ತಂದೆ.

1963ರಲ್ಲಿ ಕುತ್ತಿಗೆಯಲ್ಲಿ ಗಡ್ಡೆ ಕಾಣಿಸಿತು. ಅದು ಕ್ಯಾನ್ಸರ್. ಶಸ್ತ್ರಚಿಕಿತ್ಸೆ ಆಯಿತು, ಗುಣವಾಗಲಿಲ್ಲ. ನೋಡ ಅವರೊಡನೆ ಯೋಚಿಸುತ್ತಿದ್ದ 'ಮೂಲಂಗಿ ಮತ್ತು ಕ್ಯಾರೆಟ್' ಎಂಬ ಹೆಸರಿನ ಚಿತ್ರ ಕಾಗದದಲ್ಲೇ ಉಳಿಯಿತು. 1965ರಲ್ಲಿ ಬೇರೊಬ್ಬ ನಿರ್ದೇಶಕರು ಅದನ್ನು ತೆರೆಗೆ ತಂದರು. ಸೆತ್ಸುಕೊ ಹಾರ ಅದೇ ಕಾಲಕ್ಕೆ ಸಿನಿಮಾ ಬಿಟ್ಟು, ಕಾಮಾಕುರದಲ್ಲಿ ಯಾರ ಕಣ್ಣಿಗೂ ಬೀಳದೆ ಬದುಕಿ, 2015ರಲ್ಲಿ 95ರ ವಯಸ್ಸಿನಲ್ಲಿ ತೀರಿಕೊಂಡರು.

ಬದುಕಿದ್ದಷ್ಟು ದಿನ ಓಜು ಅವರ ಹೆಸರು ಹೊರದೇಶಗಳಲ್ಲಿ ಹೆಚ್ಚು ಕೇಳಲಿಲ್ಲ. ಇವು ತೀರಾ ಜಪಾನೀ ಚಿತ್ರಗಳು, ಹೊರಗಿನವರಿಗೆ ಅರ್ಥವಾಗವು ಎಂದು ಅಲ್ಲಿನ ನಿರ್ಮಾಪಕರೇ ಭಾವಿಸಿದ್ದರು. 1958ರಲ್ಲಿ ಲಂಡನ್ನಿನಲ್ಲಿ 'ಟೋಕಿಯೋ ಸ್ಟೋರಿ'ಗೆ ಸದರ್ಲೆಂಡ್ ಟ್ರೋಫಿ ಸಿಕ್ಕಿತು. ನಿಜವಾದ ಕೀರ್ತಿ ಬಂದದ್ದು ಸಾವಿನ ನಂತರ. 2012ರಲ್ಲಿ ಬ್ರಿಟನ್ನಿನ 'ಸೈಟ್ ಅಂಡ್ ಸೌಂಡ್' ಪತ್ರಿಕೆ ಜಗತ್ತಿನ ನಿರ್ದೇಶಕರನ್ನು ಕೇಳಿ ಮಾಡಿದ ಪಟ್ಟಿಯಲ್ಲಿ 'ಟೋಕಿಯೋ ಸ್ಟೋರಿ'ಗೆ ಮೊದಲ ಸ್ಥಾನ. ಬಿಡುಗಡೆಯಾದ ವರ್ಷ ಜಪಾನಿನ ಪಟ್ಟಿಯಲ್ಲಿ ಅದು ಎರಡನೆಯದಾಗಿತ್ತು.

ಕಾಮಾಕುರದ ಎಂಗಾಕುಜಿ ಎಂಬ ಜೆನ್ ದೇವಾಲಯದ ಆವರಣದಲ್ಲಿ ಅವರ ಸಮಾಧಿಯಿದೆ. ಕಲ್ಲಿನ ಮುಖದ ಮೇಲೆ ಹೆಸರಿಲ್ಲ. 'ಮು' ಎಂಬ ಒಂದೇ ಅಕ್ಷರವಿದೆ. ಚಿತ್ರ ನೋಡಿದವರು ಅಲ್ಲಿಗೆ ಹೋಗಿ ಮದ್ಯದ ಸೀಸೆಗಳನ್ನು ಇಟ್ಟು ಬರುತ್ತಾರೆ.

ನೋಡಬಯಸುವ ಸದಸ್ಯರಿಗೆ

ಮಕ್ಕಳ ಜೊತೆ ಕೂತು ನೋಡುವುದಾದರೆ 'ಗುಡ್ ಮಾರ್ನಿಂಗ್' ಇಂದ ಶುರು ಮಾಡಿ. ಒಂದೂವರೆ ಗಂಟೆಯ ಚಿತ್ರ. ಆಮೇಲೆ 'ಐ ವಾಸ್ ಬಾರ್ನ್, ಬಟ್'. ಮೂಕಿಯಾದ್ದರಿಂದ ಭಾಷೆಯ ತೊಡಕು ಕಡಿಮೆ. ಮೂರನೆಯದಾಗಿ 'ಲೇಟ್ ಸ್ಪ್ರಿಂಗ್'. 'ಟೋಕಿಯೋ ಸ್ಟೋರಿ' 136 ನಿಮಿಷದ್ದು. ಅವಸರವಿಲ್ಲದ ಸಂಜೆಗೆ ಇಟ್ಟುಕೊಳ್ಳಿ. ಮೊದಲ ಅರ್ಧ ಗಂಟೆ ಏನೂ ನಡೆಯುತ್ತಿಲ್ಲ ಅನಿಸಿದರೆ ಎದ್ದು ಹೋಗಬೇಡಿ. ಮನೆಯಲ್ಲಿ ಹಿರಿಯರಿದ್ದರೆ ಅವರನ್ನೂ ಕರೆದು ಕೂರಿಸಿಕೊಳ್ಳಿ, ಪರದೆಯ ಮೇಲಿನ ಇಂಗ್ಲಿಷ್ ಸಾಲುಗಳನ್ನು ಕನ್ನಡದಲ್ಲಿ ಹೇಳುತ್ತಾ ಹೋಗಿ. ಅರ್ಧದ ನಂತರ ನೀವು ಹೇಳುವ ಅಗತ್ಯ ಬೀಳುವುದಿಲ್ಲ, ಅವರೇ ನಿಮಗೆ ಹೇಳತೊಡಗುತ್ತಾರೆ.